ಮಗುವೊಂದು ಖುಷಿಯನ್ನು ಕಲಿಯುವ ಕಥೆ: 16 ಪುಟದ ಮಾಂಗಾ ಬರೆದು, ಚಿತ್ರಿಸಿ, ಪುಸ್ತಕ ಮಾಡುವ ಸಮಗ್ರ ಮಾರ್ಗದರ್ಶಿ

ಖುಷಿ ಎಂದರೇನು ಅಂತ ಮಗುವೊಂದು ತಿಳಿದುಕೊಳ್ಳುವ ಕಥೆಗಳು ಹೆಚ್ಚಾಗಿ ಕೆಡುವುದು ಕೊನೆಯ ಪುಟದಲ್ಲಿ. ಅಜ್ಜಿಯೋ ಮೇಷ್ಟ್ರೋ ಬಂದು, ‘ನೋಡು ಮಗಾ, ನಿಜವಾದ ಸಂತೋಷ ಅಂದ್ರೆ...’ ಎಂದು ಶುರು ಮಾಡಿದರೆ ಮುಗಿಯಿತು, ಅಲ್ಲಿಯವರೆಗೆ ಉಸಿರಾಡುತ್ತಿದ್ದ ಕಥೆ ನೀತಿಪಾಠವಾಗಿಬಿಡುತ್ತದೆ. ಮಾಂಗಾ, ಅಂದರೆ ಜಪಾನಿ ಶೈಲಿಯ ಚಿತ್ರಕಥೆ, ಬರೆಯುವವರಿಗೆ ಈ ಅಪಾಯದಿಂದ ಪಾರಾಗಲು ಒಳ್ಳೆಯ ಸಲಕರಣೆಗಳಿವೆ: ಮಾತಿಲ್ಲದ ಪ್ಯಾನೆಲ್ (ಚೌಕಟ್ಟಿನೊಳಗಿನ ಒಂದೊಂದು ಚಿತ್ರ), ಪುಟ ತಿರುಗಿಸುವ ಆ ಕ್ಷಣ, ಚಿತ್ರದಂತೆ ಬರೆದ ಸದ್ದು. ಇವನ್ನು ಬಳಸಿಕೊಂಡು, ಸಂತೋಷ ಎಂಬ ಪದವನ್ನು ಒಮ್ಮೆಯೂ ಯಾರ ಬಾಯಲ್ಲೂ ಹಾಕದೆ 16 ಪುಟದ ಸಣ್ಣ ಕಥೆಯೊಂದನ್ನು ಮುಗಿಸುವುದು ಹೇಗೆ ಎಂದು ಇಲ್ಲಿ ಹೇಳುತ್ತೇನೆ. ಮೊದಲ ಸಲ ಮಾಡುವವರಿಗೆ 16 ಪುಟ ಸಾಕು. ಅದಕ್ಕಿಂತ ದೊಡ್ಡದಕ್ಕೆ ಕೈಹಾಕಿದವರು ಅರ್ಧದಲ್ಲೇ ಬಿಡುವುದು ಹೆಚ್ಚು.

ಮೊದಲು ಓದಿ, ಆದರೆ ಕಥೆಗಾಗಿ ಅಲ್ಲ

ಕಿಯೊಹಿಕೊ ಅಜುಮಾ ಅವರ ‘ಯೊತ್ಸುಬಾತೊ’ದಿಂದ ಶುರು ಮಾಡಿ. 2003ರಲ್ಲಿ ‘ಡೆಂಗೆಕಿ ದೈಓ’ ಎಂಬ ಜಪಾನಿ ಮಾಸಪತ್ರಿಕೆಯಲ್ಲಿ ಆರಂಭವಾದ ಈ ಮಾಂಗಾಕ್ಕೆ 2016ರಲ್ಲಿ ತೆಜುಕಾ ಒಸಾಮು ಸಾಂಸ್ಕೃತಿಕ ಪ್ರಶಸ್ತಿ ಬಂತು. ಐದು ವರ್ಷದ ಯೊತ್ಸುಬಾ, ಅವಳನ್ನು ಸಾಕುತ್ತಿರುವ ಅಪ್ಪ, ಪಕ್ಕದ ಮನೆಯ ಮೂವರು ಅಕ್ಕತಂಗಿಯರು, ಇಷ್ಟೇ ಪ್ರಪಂಚ. ಅಪ್ಪ ಮನೆಯಲ್ಲೇ ಕುಳಿತು ಅನುವಾದ ಮಾಡುವವನು. ಅಧ್ಯಾಯಗಳ ಹೆಸರು ನೋಡಿದರೇ ಲೇಖಕರ ವಿಧಾನ ಗೊತ್ತಾಗುತ್ತದೆ: ಯೊತ್ಸುಬಾ ಮತ್ತು ಮನೆ ಬದಲಾವಣೆ, ಯೊತ್ಸುಬಾ ಮತ್ತು ಟಿವಿ, ಯೊತ್ಸುಬಾ ಮತ್ತು ಮಳೆ. ಒಂದು ಅಧ್ಯಾಯ, ಒಂದು ಮಗು, ಮಗುವಿನ ಎದುರಿಗೆ ಒಂದೇ ಒಂದು ಹೊಸ ಸಂಗತಿ. ಮೊದಲ ಅಧ್ಯಾಯದಲ್ಲಿ ಅವಳಿಗೆ ಜೋಕಾಲಿ ಎಂದರೇನೆಂದೇ ಗೊತ್ತಿಲ್ಲ. ಮೊದಲ ಸಂಪುಟದ ಕೊನೆಯಲ್ಲಿ ಸುರಿಯುವ ಮಳೆಗೆ ಓಡಿಹೋಗಿ ನೆನೆಯುತ್ತಾಳೆ. ಅಪ್ಪ ಬೈಯುವುದಿಲ್ಲ, ನೋಡುತ್ತ ನಿಲ್ಲುತ್ತಾನೆ. ಅವಳು ಯಾವುದರಲ್ಲಿ ಬೇಕಾದರೂ ಮಜಾ ಕಾಣುತ್ತಾಳೆ, ಅವಳನ್ನು ಸೋಲಿಸುವವರಿಲ್ಲ ಎಂಬರ್ಥದ ಮಾತನ್ನು ಆಡುತ್ತಾನೆ, ಅದೂ ಮಗುವಿಗೆ ಕೇಳುವಂತಲ್ಲ. ಇದನ್ನು ಗಮನಿಸಿ: ದೊಡ್ಡವರಿಗೆ ಅರ್ಥವಾದದ್ದನ್ನು ಮಗುವಿಗೆ ಬೋಧಿಸುವ ಗೋಜಿಗೆ ಯಾರೂ ಹೋಗುವುದಿಲ್ಲ.

ಇದಕ್ಕೆ ತೀರಾ ಎದುರು ತುದಿಯಲ್ಲಿರುವುದು ತೈಜಾನ್ 5 ಎಂಬ ಹೆಸರಿನಲ್ಲಿ ಬರೆಯುವವರ ‘ತಾಕೊಪಿ ನೊ ಗೆನ್‌ಜೈ’. 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ‘ಶೋನೆನ್ ಜಂಪ್ ಪ್ಲಸ್‌’ ಎಂಬ ಜಪಾನಿ ಮಾಂಗಾ ಜಾಲತಾಣದಲ್ಲಿ 16 ಅಧ್ಯಾಯಗಳಾಗಿ ಬಂತು. ಡೊರೆಮಾನ್ ನೋಡಿ ಬೆಳೆದವರಿಗೆ ಇದರ ಹೊಂಚು ಬೇಗ ಹೊಳೆಯುತ್ತದೆ. ಹ್ಯಾಪಿ ಎಂಬ ಗ್ರಹದಿಂದ ಬಂದ ಪುಟ್ಟ ಜೀವಿ ನಾಲ್ಕನೇ ಕ್ಲಾಸಿನ ಹುಡುಗಿಯ ನಗು ನೋಡಲೆಂದು ಒಂದೊಂದೇ ಮಾಯಾ ಸಲಕರಣೆ ತೆಗೆಯುತ್ತದೆ. ಮನೆಯಲ್ಲೂ ಶಾಲೆಯಲ್ಲೂ ನರಳುತ್ತಿರುವ ಆ ಹುಡುಗಿಯ ನೋವು ಏನೆಂದೇ ಅದಕ್ಕೆ ಗೊತ್ತಿಲ್ಲ, ಹಾಗಾಗಿ ಸಹಾಯವೆಂದು ಕೊಟ್ಟದ್ದೇ ಅನಾಹುತಕ್ಕೆ ದಾರಿಯಾಗುತ್ತದೆ. ಆತ್ಮಹತ್ಯೆ, ಹಿಂಸೆ ಎಲ್ಲವೂ ಇರುವ ಕೃತಿ, ಮಕ್ಕಳ ಕೈಗೆ ಕೊಡಬೇಡಿ. ನೀವು ಮಾತ್ರ ಓದಿ, ಏಕೆಂದರೆ ಎದುರಿನವರ ದುಃಖ ತಿಳಿಯದೆ ಖುಷಿ ಕೊಡಹೊರಟರೆ ಏನಾಗುತ್ತದೆ ಎಂಬುದನ್ನು ಇಷ್ಟು ನಿಷ್ಠುರವಾಗಿ ಹೇಳಿದ ಮಾಂಗಾ ಅಪರೂಪ.

ಎರಡನ್ನೂ ಎರಡನೇ ಸಲ ತೆರೆದಾಗ ಮಾತುಗಳನ್ನು ಓದದೆ ಪುಟ ತಿರುಗಿಸಿ. ಎಲ್ಲಿ ಮಾತಿಲ್ಲ, ಎಲ್ಲಿ ಪ್ಯಾನೆಲ್ ದೊಡ್ಡದು, ಮಗುವಿನ ಮುಖ ಎಲ್ಲಿ ಕಾಣುವುದಿಲ್ಲ ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳಿ. ನಿಮ್ಮ ಪಾಠ ಇರುವುದು ಆ ಗುರುತುಗಳಲ್ಲಿ.

ಮಗು ಏನನ್ನು ತಪ್ಪು ತಿಳಿದಿದೆ?

‘ಖುಷಿಯ ಬಗ್ಗೆ ಕಥೆ’ ಎಂದು ಹೊರಟರೆ ಕೈಗೇನೂ ಸಿಗುವುದಿಲ್ಲ. ಮಗುವಿನ ತಲೆಯಲ್ಲಿರುವ ಒಂದು ತಪ್ಪು ತಿಳಿವಳಿಕೆಯಿಂದ ಹೊರಡಿ. ಮಕ್ಕಳು ಇಂಥ ತಿಳಿವಳಿಕೆಗಳನ್ನೆಲ್ಲ ತಾವಾಗಿಯೇ ಕಟ್ಟುವುದಿಲ್ಲ. ಎಷ್ಟೋ ಸಲ ದೊಡ್ಡವರು ಬಾಯಿ ತಪ್ಪಿ ಆಡಿದ ಮಾತನ್ನು ಅಕ್ಷರಶಃ ನಂಬಿಬಿಡುತ್ತಾರೆ. ಈ ಮಾರ್ಗದರ್ಶಿಯ ಉದ್ದಕ್ಕೂ ಒಂದೇ ಕಥೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ.

ನಿಮ್ಮಿ ಎಂಬ ಹುಡುಗಿಗೆ ಆರು ವರ್ಷ. ಅಮ್ಮ ಆಸ್ಪತ್ರೆಯಲ್ಲಿ ನರ್ಸ್, ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಬಂದು ಮಲಗುತ್ತಾಳೆ. ಮಲಗಿದ ಮಗಳನ್ನು ನೋಡಿ ಅಜ್ಜಿ ತನ್ನಷ್ಟಕ್ಕೆ ಅನ್ನುತ್ತಾಳೆ: ‘ನಿದ್ದೆ ಮಾಡುವಾಗ ಮಾತ್ರ ಇವಳ ಮುಖದಲ್ಲಿ ನೆಮ್ಮದಿ ಕಾಣ್ತದೆ.’ ನಿಮ್ಮಿ ಕೇಳಿಸಿಕೊಳ್ಳುತ್ತಾಳೆ. ಅಂದರೆ ಅಮ್ಮ ಚೆನ್ನಾಗಿರಬೇಕಾದರೆ ಅಮ್ಮ ಏಳಬಾರದು. ಅವತ್ತು ಭಾನುವಾರ, ಶಾಲೆ ಇಲ್ಲ. ನಿಮ್ಮಿ ಇಡೀ ಬೀದಿಯ ಸದ್ದು ಅಡಗಿಸಲು ಹೊರಡುತ್ತಾಳೆ.

ನಿಮ್ಮ ಕಥೆಗೆ ಇಂಥದ್ದೇ ನಾಲ್ಕು ಸಾಲು ಬರೆದುಕೊಳ್ಳಿ. ಮಗು ಏನನ್ನು ನಂಬಿದೆ, ಆ ನಂಬಿಕೆ ಯಾರ ಯಾವ ಮಾತಿನಿಂದ ಬಂತು, ಅದನ್ನು ನಂಬಿ ಕೈಯಾರೆ ಏನು ಮಾಡುತ್ತದೆ, ಕಣ್ಣಿಗೆ ಕಾಣುವ ಯಾವ ಸಂಗತಿ ಅದನ್ನು ಒಡೆಯುತ್ತದೆ. ಕೊನೆಯ ಸಾಲಿನಲ್ಲಿ ‘ಅರ್ಥವಾಗುತ್ತದೆ’, ‘ಮನವರಿಕೆಯಾಗುತ್ತದೆ’ ಎಂಬ ಕ್ರಿಯಾಪದ ಬಂದಿದ್ದರೆ ಕಥೆ ಇನ್ನೂ ಸಿಕ್ಕಿಲ್ಲ ಎಂದೇ ತಿಳಿಯಿರಿ, ಏಕೆಂದರೆ ಮನವರಿಕೆಯನ್ನು ಚಿತ್ರ ಬರೆಯಲು ಬರುವುದಿಲ್ಲ. ನಮ್ಮ ಕಥೆಯಲ್ಲಿ ಆ ಸಾಲು ಹೀಗಿದೆ: ಎಚ್ಚರವಾದ ಅಮ್ಮ ನಿಮ್ಮಿಯ ಸಾಹಸ ಕೇಳಿ ಬಿದ್ದು ಬಿದ್ದು ನಗುತ್ತಾಳೆ, ಆ ದಿನದ ಅತಿ ದೊಡ್ಡ ಸದ್ದು ಅದೇ.

ನಾಲ್ಕು ಹೆಜ್ಜೆಯ ಕಟ್ಟಡ

ಜಪಾನಿನಲ್ಲಿ ಸಣ್ಣ ಮಾಂಗಾ ಕಲಿಸುವಾಗ ಸಾಮಾನ್ಯವಾಗಿ ಹೇಳುವ ಕ್ರಮ ಕಿ-ಶೋ-ತೆನ್-ಕೆತ್ಸು. ಚೀನಾದ ನಾಲ್ಕು ಸಾಲಿನ ಕವಿತೆಗಳಿಂದ ಬಂದದ್ದು: ಪರಿಚಯ, ಬೆಳವಣಿಗೆ, ತಿರುವು, ಮುಕ್ತಾಯ. ನಾಲ್ಕೇ ಪ್ಯಾನೆಲ್‌ನ ತಮಾಷೆ ಮಾಂಗಾಗಳಿಗೂ ಇದೇ ಅಡಿಪಾಯ, ಅಜುಮಾ ಅವರು ಹೆಸರು ಮಾಡಿದ್ದೂ ಮೊದಲು ಅಂಥವುಗಳಿಂದಲೇ. ಈ ಕ್ರಮದಲ್ಲಿ ಖಳನಾಯಕ ಇರಲೇಬೇಕೆಂದಿಲ್ಲ, ಜಗಳವೂ ಬೇಡ. ಮಗುವಿನ ಕಥೆಗೆ ಇದು ಒಗ್ಗುವುದು ಆ ಕಾರಣಕ್ಕೆ.

1ರಿಂದ 3ನೇ ಪುಟ ಪರಿಚಯಕ್ಕೆ: ಅಮ್ಮ ಬರುತ್ತಾಳೆ, ಮಲಗುತ್ತಾಳೆ, ಅಜ್ಜಿಯ ಮಾತು. 4ರಿಂದ 9ನೇ ಪುಟ ಬೆಳವಣಿಗೆಗೆ: ತೊಟ್ಟಿಕ್ಕುವ ನಲ್ಲಿಯ ಕೆಳಗೆ ನಿಮ್ಮಿ ಬಟ್ಟೆ ಇಡುತ್ತಾಳೆ, ಕಾಗೆಗೆ ದೋಸೆಯ ಚೂರು ಲಂಚ ಕೊಡುತ್ತಾಳೆ, ಸೊಪ್ಪು ಮಾರುವವಳ ಸೆರಗು ಎಳೆದು ಪಿಸುಮಾತಿನಲ್ಲಿ ಕೂಗಲು ಹೇಳುತ್ತಾಳೆ. 10ನೇ ಪುಟದಲ್ಲಿ ಅಜ್ಜಿ ಕುಕ್ಕರ್ ಇಡುತ್ತಾಳೆ, ತಿರುವು ಅಲ್ಲಿಂದ. ಒಂದು ಕೂಗು, ಎರಡು ಕೂಗು. ನಿಮ್ಮಿ ಮನೆಯ ದಿಂಬುಗಳನ್ನೆಲ್ಲ ಅಮ್ಮನ ಕೋಣೆಯ ಬಾಗಿಲಿಗೆ ಒತ್ತರಿಸುತ್ತಾಳೆ. (ಮಗು ಕುಕ್ಕರ್ ಹತ್ತಿರ ಹೋಗುವ ದೃಶ್ಯ ಬರೆಯಬೇಡಿ. ಓದಿದ ಮಗು ಮನೆಯಲ್ಲಿ ಮಾಡಿ ನೋಡುತ್ತದೆ.) 13ರಲ್ಲಿ ಬಾಗಿಲು ತೆರೆದು, ದಿಂಬಿನ ರಾಶಿ ಕುಸಿದು, ಅಮ್ಮ ನಿಂತಿರುತ್ತಾಳೆ. ನಿಮ್ಮಿ ಅಳುಮುಖದಲ್ಲಿ ಎಲ್ಲ ವರದಿ ಒಪ್ಪಿಸುತ್ತಾಳೆ. 14 ಮತ್ತು 15ನೇ ಪುಟ ಸೇರಿಸಿ ಅಮ್ಮನ ನಗು. 16ರಲ್ಲಿ ಕಾಗೆ ಮತ್ತೆ ಬಂದು ಕೂಗುತ್ತದೆ, ನಿಮ್ಮಿ ಸುಮ್ಮನಿರಿಸಲು ಹೋಗುವುದಿಲ್ಲ.

ಮಗುವಿನ ಮೈಕಟ್ಟು, ಮಗುವಿನ ಕಣ್ಣೆತ್ತರ

ಆರು ವರ್ಷದ ಮಗುವಿನ ಎತ್ತರ ಅದರ ತಲೆಯ ಎತ್ತರದ ಸುಮಾರು ಐದೂವರೆ ಪಟ್ಟು ಇರುತ್ತದೆ; ಮಾಂಗಾದಲ್ಲಿ ಅದನ್ನು ಮೂರೂವರೆ ಅಥವಾ ನಾಲ್ಕಕ್ಕೆ ಇಳಿಸುವುದು ರೂಢಿ. ಎಷ್ಟಕ್ಕೆ ಇಳಿಸಿದರೂ ಕಥೆಯುದ್ದಕ್ಕೂ ಅಷ್ಟೇ ಇರಬೇಕು. ಒಂದು ಹಾಳೆಯಲ್ಲಿ ನಿಮ್ಮಿ, ಅಮ್ಮ, ಅಜ್ಜಿ ಮೂವರನ್ನೂ ಒಂದೇ ನೆಲದ ಗೆರೆಯ ಮೇಲೆ ನಿಲ್ಲಿಸಿ ಎತ್ತರದ ಪಟ್ಟಿ ಮಾಡಿಕೊಳ್ಳಿ. ಮುಂದೆ, ಹಿಂದೆ, ಪಕ್ಕದಿಂದ ಕಾಣುವ ಹಾಗೆ ಮೂರು ಚಿತ್ರ. ಯೊತ್ಸುಬಾಳ ನಾಲ್ಕು ಹಸಿರು ಜುಟ್ಟು ಬರೀ ಕಪ್ಪು ನೆರಳಲ್ಲೂ ಗುರುತು ಸಿಗುತ್ತದೆ. ನಿಮ್ಮ ಪಾತ್ರಕ್ಕೂ ಅಂಥ ಒಂದು ಗುರುತು ಬೇಕು.

ಕ್ಯಾಮೆರಾ ಎಲ್ಲಿದೆ ಎಂಬುದು ಪಾತ್ರದಷ್ಟೇ ಮುಖ್ಯ. ನೆಲದಿಂದ ಸುಮಾರು ಮೂರು ಅಡಿ ಎತ್ತರದಲ್ಲಿ ಫೋನ್ ಹಿಡಿದು ನಿಮ್ಮ ಮನೆಯ ಫೋಟೋಗಳನ್ನು ತೆಗೆಯಿರಿ. ಅಡುಗೆ ಕಟ್ಟೆಯ ಅಂಚು ಕಣ್ಣಿಗೆ ಸಮವಾಗಿ ಬರುತ್ತದೆ, ಮೇಲಿನ ಪಾತ್ರೆ ಕಾಣುವುದೇ ಇಲ್ಲ, ಬಾಗಿಲ ಚಿಲಕ ತಲೆಯ ಮೇಲಿರುತ್ತದೆ. ಹಿನ್ನೆಲೆಗೆ ಈ ಫೋಟೋಗಳೇ ಆಧಾರ. ಅಜುಮಾ ಮುಖಗಳನ್ನು ಅತಿ ಸರಳವಾಗಿ ಬರೆದು, ಮನೆ, ಬೀದಿ, ಅಂಗಡಿಗಳನ್ನು ಕೂದಲೆಳೆಯಷ್ಟು ನಿಖರವಾಗಿ ಬರೆಯುತ್ತಾರೆ. ಮಗು ನೋಡಿ ಬೆರಗಾಗುವ ಪ್ರಪಂಚ ನಂಬುವಂತಿದ್ದರೆ ಮಾತ್ರ ಬೆರಗೂ ನಂಬುವಂತಿರುತ್ತದೆ.

ನೇಮ್: ಅರ್ಧ ಕೆಲಸ ಇಲ್ಲೇ

ಕಚ್ಚಾ ಗೆರೆಗಳಲ್ಲಿ ಪ್ಯಾನೆಲ್, ಬಬಲ್ (ಮಾತು ತುಂಬುವ ಗುಳ್ಳೆ), ಮಾತು ಎಲ್ಲವನ್ನೂ ಹಾಕಿದ ಕರಡಿಗೆ ಜಪಾನಿ ಮಾಂಗಾ ಲೋಕದಲ್ಲಿ ನೇಮ್ ಅನ್ನುತ್ತಾರೆ. ಅಲ್ಲಿನ ಸಂಪಾದಕರು ಮೊದಲು ನೋಡುವುದು ಇದನ್ನೇ. ಕಡ್ಡಿಯಂಥ ಕೈಕಾಲಿನ ಬೊಂಬೆಗಳಿದ್ದರೆ ಸಾಕು. ಇದನ್ನು ಬಿಟ್ಟು ನೇರ ಚೆಂದದ ಚಿತ್ರಕ್ಕೆ ಹೋಗಬೇಡಿ. ಒಂದು ಪುಟಕ್ಕೆ ಐದು ನಿಮಿಷ ಹಾಕಿದ್ದನ್ನು ಅಳಿಸುವುದು ಸುಲಭ, ಐದು ಗಂಟೆ ಹಾಕಿದ್ದನ್ನು ಅಳಿಸಲು ಮನಸ್ಸೇ ಬರುವುದಿಲ್ಲ.

ಓದುವ ದಿಕ್ಕಿನ ಬಗ್ಗೆ ಮೊದಲೇ ತೀರ್ಮಾನ ಮಾಡಿ. ಜಪಾನಿ ಮಾಂಗಾ ಬಲದಿಂದ ಎಡಕ್ಕೆ ಸಾಗುತ್ತದೆ, ಅಲ್ಲಿ ಮಾತುಗಳೂ ಮೇಲಿನಿಂದ ಕೆಳಕ್ಕೆ, ಬಲದಿಂದ ಎಡಕ್ಕೆ ಇಳಿಯುತ್ತವೆ. ಕನ್ನಡದಲ್ಲಿ ಬರೆಯುವಾಗ ಮಾಂಗಾದ ಹಾಗೇ ಕಾಣಲೆಂದು ಪ್ಯಾನೆಲ್‌ಗಳನ್ನು ಬಲದಿಂದ ಜೋಡಿಸಿದರೆ ಕಣ್ಣು ಬಬಲ್ ಒಳಗೆ ಒಂದು ಕಡೆ, ಹೊರಗೆ ಇನ್ನೊಂದು ಕಡೆ ಓಡಬೇಕಾಗುತ್ತದೆ. ಎಡದಿಂದ ಬಲಕ್ಕೇ ಬರೆಯಿರಿ.

ಹಾಗೆ ಬರೆದಾಗ ಬೆಸ ಸಂಖ್ಯೆಯ ಪುಟಗಳು ಬಲಗಡೆ ಬರುತ್ತವೆ, ಪುಟ ತಿರುಗುವುದು ಅವುಗಳ ನಂತರ. ಗುಟ್ಟು ಬಿಚ್ಚುವ ಚಿತ್ರ ಯಾವಾಗಲೂ ಸಮ ಸಂಖ್ಯೆಯ ಪುಟದಲ್ಲಿರಲಿ. 13ನೇ ಪುಟದ ಕೊನೆಯ ಪ್ಯಾನೆಲ್‌ನಲ್ಲಿ ಅಮ್ಮನ ಮುಖ ತೋರಿಸಬೇಡಿ. ಸುಕ್ಕಾದ ಸೀರೆಯ ನೆರಿಗೆ, ಅದರೆದುರು ತಲೆ ತಗ್ಗಿಸಿ ನಿಂತ ನಿಮ್ಮಿಯ ಬೈತಲೆ, ಅಷ್ಟೇ. ಬೈಗುಳ ಬರುತ್ತದೋ ಏನೋ ಎಂಬ ಅಳುಕಿನಲ್ಲಿ ಓದುವವರೇ ಪುಟ ತಿರುಗಿಸಬೇಕು.

ಒಂದು ಪುಟಕ್ಕೆ ನಾಲ್ಕರಿಂದ ಆರು ಪ್ಯಾನೆಲ್ ಸಾಕು. ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ನಡುವಿನ ಅಂತರ ಅಗಲವಾಗಿರಲಿ, ಅಕ್ಕಪಕ್ಕದ ಪ್ಯಾನೆಲ್‌ಗಳ ಅಂತರ ಕಿರಿದಾಗಿರಲಿ. ಕಣ್ಣು ಒಂದು ಸಾಲನ್ನು ಮುಗಿಸಿಯೇ ಕೆಳಗಿಳಿಯಲು ಜಪಾನಿ ಕಲಾವಿದರು ಬಳಸುವ ಉಪಾಯ ಇದು. ಏನೂ ನಡೆಯದ ಪ್ಯಾನೆಲ್‌ಗಳಿಗೂ ಜಾಗ ಇಡಿ: ತಿರುಗುವ ಫ್ಯಾನು, ಪರದೆಯ ಸಂದಿನಿಂದ ಬಿದ್ದ ಬಿಸಿಲು, ಮಂಚದಿಂದ ಇಳಿಬಿದ್ದ ಅಮ್ಮನ ಕೈ. ನಿಮ್ಮಿ ಅಮ್ಮನನ್ನು ಎಷ್ಟು ಹೊತ್ತು ನೋಡುತ್ತ ಕೂತಿದ್ದಳು ಎಂಬುದನ್ನು ಈ ಮೂರೇ ಹೇಳಬೇಕು.

ಸದ್ದನ್ನು ಚಿತ್ರವಾಗಿ ಬರೆಯುವುದು

ನನಗೆ ತೀರಾ ಇಷ್ಟವಾದ ಕೆಲಸ ಇದು, ಕನ್ನಡಕ್ಕೆ ಕೈ ತುಂಬ ಬಂಡವಾಳ ಇರುವುದೂ ಇಲ್ಲೇ. ಮಾಂಗಾದಲ್ಲಿ ಸದ್ದಿನ ಪದಗಳು ಚಿತ್ರದ ಭಾಗ. ಏನೂ ಸದ್ದಿಲ್ಲದ್ದಕ್ಕೂ ‘ಶೀನ್’ ಎಂಬ ಸದ್ದು ಬರೆಯುತ್ತಾರೆ. ನಮ್ಮಲ್ಲಿ ಟಪ್ ಟಪ್, ದಡಬಡ, ಸರಸರ, ಚೊಂಯ್, ಕಿಸಕ್ಕ ಎಲ್ಲ ಬಾಯಲ್ಲೇ ಇವೆ. ಫಾಂಟ್ ಹಾಕಬೇಡಿ, ಕೈಯಲ್ಲೇ ಬರೆಯಿರಿ. ಕನ್ನಡದ ದುಂಡು ಅಕ್ಷರಗಳು ಹಿಗ್ಗಿಸಿದರೆ ಹಿಗ್ಗುತ್ತವೆ, ಕುಗ್ಗಿಸಿದರೆ ಕುಗ್ಗುತ್ತವೆ, ಚಿತ್ರದ ಗೆರೆಯೊಳಗೆ ಸಲೀಸಾಗಿ ಸೇರಿಕೊಳ್ಳುತ್ತವೆ. ಒತ್ತಕ್ಷರ ಇರುವ ಪದಕ್ಕೆ ಮಾತ್ರ ಕೆಳಗಡೆ ಜಾಗ ಬಿಡಲು ಮರೆಯಬೇಡಿ.

ನಿಮ್ಮಿಯ ಕಥೆ ನಿಂತಿರುವುದೇ ಸದ್ದಿನ ಗಾತ್ರದ ಮೇಲೆ. 4ನೇ ಪುಟದಲ್ಲಿ ‘ಸೊಪ್ಪೋ... ಸೊಪ್ಪು!’ ಪ್ಯಾನೆಲ್‌ನ ಅರ್ಧ ತುಂಬಿರಲಿ. ನಿಮ್ಮಿ ಹೇಳಿದ ಮೇಲೆ ಸೊಪ್ಪಿನಾಕೆ ಬಗ್ಗಿ, ಬಾಯಿಗೆ ಕೈ ಅಡ್ಡ ಇಟ್ಟು ‘ಸೊಪ್ಪೋ’ ಅನ್ನುವುದು ಇರುವೆಯಷ್ಟು ಪುಟ್ಟ ಅಕ್ಷರದಲ್ಲಿ. ಪುಟ ದಾಟಿದಂತೆ ಅಕ್ಷರಗಳು ಸಣ್ಣದಾಗುತ್ತ ಹೋಗಿ 9ನೇ ಪುಟದಲ್ಲಿ ಒಂದೂ ಸದ್ದು ಇರುವುದಿಲ್ಲ. 11ರಲ್ಲಿ ಕುಕ್ಕರಿನ ‘ಕೂಊಊ’ ಪ್ಯಾನೆಲ್ ಗೆರೆಯನ್ನು ದಾಟಿ ಪಕ್ಕದ ಪ್ಯಾನೆಲ್‌ಗೂ ನುಗ್ಗಲಿ. ಅದಕ್ಕಿಂತಲೂ ದೊಡ್ಡ ಅಕ್ಷರ ಇಡೀ ಕಥೆಯಲ್ಲಿ ಒಂದೇ ಕಡೆ ಬರಬೇಕು, ಅಮ್ಮನ ನಗುವಿಗೆ. ಬೆಳಗ್ಗಿನಿಂದ ಸದ್ದಿನ ಮೇಲೆ ಯುದ್ಧ ಸಾರಿದ್ದ ಮಗು ಆ ಅಕ್ಷರಗಳ ಕೆಳಗೆ ನಿಂತು ಬಾಯಿ ಬಿಟ್ಟು ನೋಡುತ್ತಿರುತ್ತದೆ. ಇದನ್ನು ಮಾತಿನಲ್ಲಿ ವಿವರಿಸುವ ಒಂದೇ ಒಂದು ಬಬಲ್ ಸೇರಿಸಿದರೂ ಎಲ್ಲ ಹಾಳು.

ನಗುವ ಅಮ್ಮನನ್ನು ಅಂದಗಾಣಿಸಬೇಡಿ. ಹೊಳೆಯುವ ನಕ್ಷತ್ರ, ಹೂವಿನ ಹಿನ್ನೆಲೆ ಯಾವುದೂ ಬೇಡ. ಕಣ್ಣು ಮುಚ್ಚಿಹೋಗಿದೆ, ಕೂದಲು ಕೆದರಿದೆ, ದಿಂಬಿನ ಗೆರೆ ಕೆನ್ನೆಯ ಮೇಲೆ ಮೂಡಿದೆ, ಒಂದು ಕೈ ಬಾಗಿಲ ಚೌಕಟ್ಟು ಹಿಡಿದಿದೆ. ನಿಮ್ಮಿಯ ಮುಖಕ್ಕೆ ಮೂರು ಸಣ್ಣ ಪ್ಯಾನೆಲ್ ಸಾಕು: ಅಳು ತಡೆದ ತುಟಿ, ಮೇಲೆದ್ದ ಕಣ್ಣು, ಬಿಟ್ಟ ಬಾಯಿ. ನಗುವ ನಿಮ್ಮಿ ಬೇಕಿಲ್ಲ.

ಬಬಲ್ ಮತ್ತು ಅಕ್ಷರ

ಜಪಾನಿ ಬಬಲ್‌ಗಳು ಉದ್ದುದ್ದ, ಕಿರಿದು. ಕನ್ನಡದ ಪದಗಳು ಅಡ್ಡಡ್ಡ ಬೆಳೆಯುತ್ತವೆ. ‘ಎಬ್ಬಿಸಬಾರದಾಗಿತ್ತಲ್ವಾ’ ಎಂಬುದನ್ನು ಅಂಥ ಬಬಲ್‌ನಲ್ಲಿ ಹಾಕಲು ನೋಡಿದರೆ ಮೂರು ತುಂಡಾಗುತ್ತದೆ. ಹಾಗಾಗಿ ನೇಮ್ ಹಂತದಲ್ಲೇ ಮೊದಲು ಮಾತು ಬರೆದು, ಆಮೇಲೆ ಸುತ್ತ ಗೆರೆ ಎಳೆಯಿರಿ. ಮಗುವಿನ ಮಾತು ನಿಮ್ಮ ಊರಿನ ಆಡುಮಾತಿನಲ್ಲೇ ಇರಲಿ. ಗ್ರಂಥದ ಕನ್ನಡ ಮಾತಾಡುವ ಆರು ವರ್ಷದ ಮಗುವನ್ನು ಯಾರೂ ನಂಬುವುದಿಲ್ಲ.

ಕಂಪ್ಯೂಟರ್‌ನಲ್ಲಿ ಮಾತು ತುಂಬುವುದಾದರೆ ಒಂದು ಎಚ್ಚರ: ಚಿತ್ರ ಬರೆಯುವ ಕೆಲವು ತಂತ್ರಾಂಶಗಳು ಕನ್ನಡದ ಒತ್ತು, ಗುಣಿತಗಳನ್ನು ಒಡೆದು ಬಿಡಿಬಿಡಿಯಾಗಿ ತೋರಿಸುತ್ತವೆ. ಮೊದಲ ದಿನವೇ ‘ಅಜ್ಜಿ’, ‘ಶಾಸ್ತ್ರಿ’ ಎಂದು ಬರೆದು ಪರೀಕ್ಷಿಸಿ. ಒಡೆದರೆ ಚಿತ್ರವನ್ನು ಉಳಿಸಿಕೊಂಡು ಮಾತುಗಳನ್ನು ಇಂಕ್‌ಸ್ಕೇಪ್‌ನಲ್ಲಿ ಹಾಕಿ. ಅದು ಉಚಿತ, ಕನ್ನಡವೂ ಸರಿಯಾಗಿ ಬರುತ್ತದೆ. ಫಾಂಟ್‌ಗೆ ಬಾಲೂ ತಮ್ಮ ಒಳ್ಳೆಯದು. ಉಚಿತವಾಗಿ ಸಿಗುತ್ತದೆ, ದುಂಡಗೆ ದಪ್ಪಗಿದ್ದು ಸಣ್ಣ ಗಾತ್ರದಲ್ಲೂ ಓದಲು ಬರುತ್ತದೆ.

ಕಾಗದ, ಶಾಯಿ

ಜಪಾನಿನಲ್ಲಿ ಪತ್ರಿಕೆಗೆ ಕಳಿಸುವ ಮೂಲ ಪ್ರತಿ ಸಾಮಾನ್ಯವಾಗಿ ಬಿ4 ಹಾಳೆಯಲ್ಲಿರುತ್ತದೆ. ಒಳಚೌಕಟ್ಟು 180 ಮಿಮೀ ಅಗಲ, 270 ಮಿಮೀ ಎತ್ತರ, ಅಚ್ಚಾಗುವಾಗ ಕುಗ್ಗುತ್ತದೆ. ನಮ್ಮಲ್ಲಿ ಆ ಅಳತೆಯ ಹಾಳೆ ಹುಡುಕುತ್ತ ಕೂರಬೇಡಿ. ದಪ್ಪ ಎ4 ಹಾಳೆಯ ಮೇಲೆ 150 ಮಿಮೀ ಅಗಲ, 225 ಮಿಮೀ ಎತ್ತರದ ಚೌಕಟ್ಟು ಎಳೆದರೆ ಅದೇ ಪ್ರಮಾಣ ಸಿಗುತ್ತದೆ. ಪುಸ್ತಕ ಎ5 ಆಗುವುದರಿಂದ ಚಿತ್ರ ಸುಮಾರು ಶೇ 70ಕ್ಕೆ ಕುಗ್ಗುತ್ತದೆ, ಕೈಯ ಸಣ್ಣ ನಡುಕಗಳು ಅದರಲ್ಲಿ ಮರೆಯಾಗುತ್ತವೆ.

ಅಲ್ಲಿನವರು ಗೆರೆಗೆ ಜಿ-ಪೆನ್, ಸಣ್ಣ ವಿವರಕ್ಕೆ ಮಾರು ಪೆನ್ ಎಂಬ ಶಾಯಿ ನಿಬ್‌ಗಳನ್ನು ಬಳಸುತ್ತಾರೆ. ಒತ್ತಿದಷ್ಟು ದಪ್ಪ, ಬಿಟ್ಟಷ್ಟು ತೆಳು. ಹಿಡಿತಕ್ಕೆ ಬರಲು ತಿಂಗಳುಗಳೇ ಬೇಕು. ಮೊದಲ ಪುಸ್ತಕಕ್ಕೆ ನೀರಿಗೆ ಕದಡದ ಶಾಯಿಯ 0.1, 0.3, 0.8 ಮಿಮೀ ಪೆನ್ನುಗಳು ಸಾಕು. ಪ್ಯಾನೆಲ್ ಗೆರೆಗೆ 0.8, ಪಾತ್ರಕ್ಕೆ 0.3, ಹಿನ್ನೆಲೆಗೆ 0.1. ಬೂದು ಬಣ್ಣಕ್ಕೆ ಬಳಸುವ ಚುಕ್ಕಿಗಳನ್ನು ಕೈಯಲ್ಲಿ ಹಾಕುವ ಬದಲು ಸ್ಕ್ಯಾನ್ ಮಾಡಿದ ಮೇಲೆ ಕ್ರಿಟಾದಂಥ ಉಚಿತ ತಂತ್ರಾಂಶದಲ್ಲಿ ತುಂಬಿ. ಸ್ಕ್ಯಾನ್ 600 ಡಿಪಿಐಗಿಂತ (ಇಂಚಿಗೆ 600 ಚುಕ್ಕಿ) ಕಡಿಮೆ ಬೇಡ, ಫೋನಿನಲ್ಲಿ ತೆಗೆದ ಫೋಟೋ ಆಗುವುದಿಲ್ಲ.

ಪುಸ್ತಕ

16 ಪುಟ ಎಂದರೆ ಎರಡೂ ಬದಿ ಅಚ್ಚಾದ ನಾಲ್ಕು ಎ4 ಹಾಳೆ, ನಡುವೆ ಮಡಚಿ ಎರಡು ಪಿನ್ನು. ಯಾವ ಜೆರಾಕ್ಸ್ ಅಂಗಡಿಯಲ್ಲೂ ಆಗುವ ಕೆಲಸ. ಹೊರಗಿನ ಹಾಳೆಯ ಒಂದು ಬದಿ 16 ಮತ್ತು 1, ಹಿಂಬದಿ 2 ಮತ್ತು 15, ಅದರ ಒಳಗಿನದಕ್ಕೆ 14 ಮತ್ತು 3, ಹಿಂಬದಿ 4 ಮತ್ತು 13, ಹೀಗೇ ಮುಂದಕ್ಕೆ. ಮೊದಲು ಬಿಳಿ ಹಾಳೆಗಳನ್ನು ಮಡಚಿ ಪುಟಸಂಖ್ಯೆ ಬರೆದ ಮಾದರಿಯೊಂದನ್ನು ಅಂಗಡಿಯವರಿಗೆ ಕೊಟ್ಟುಬಿಡಿ, ಗೊಂದಲ ಇರುವುದಿಲ್ಲ. ಈ ಲೆಕ್ಕದಲ್ಲಿ ಒಂದು ತೊಡಕಿದೆ. 14 ಮತ್ತು 15 ಎದುರುಬದುರು ಬಂದರೂ ಬೇರೆ ಬೇರೆ ಹಾಳೆಯಲ್ಲಿ ಅಚ್ಚಾಗುತ್ತವೆ, ನಡುವಿನ ಮಡಿಕೆಯಲ್ಲಿ ಗೆರೆಗಳು ಕೂದಲೆಳೆಯಷ್ಟು ತಪ್ಪುತ್ತವೆ. ಅಮ್ಮನ ಮುಖ ಮಡಿಕೆಯ ಮೇಲೆ ಬರದಂತೆ ಪೂರ್ತಿ 14ನೇ ಪುಟದಲ್ಲಿರಲಿ, ನಗುವಿನ ಅಕ್ಷರಗಳು 15ಕ್ಕೆ ಹರಿಯಲಿ, ನಿಮ್ಮಿ 15ರ ಬಲ ಮೂಲೆಯಲ್ಲಿ ನಿಂತಿರಲಿ.

ಎಲ್ಲ ಪ್ರತಿಗಳನ್ನು ಹಾಕಿಸುವ ಮೊದಲು ಒಂದೇ ಒಂದನ್ನು ಮಾಡಿಸಿ ಏಳೆಂಟು ವರ್ಷದ ಮಗುವಿಗೆ ಕೊಡಿ. ಏನೂ ಹೇಳಬೇಡಿ, ಪಕ್ಕದಲ್ಲಿ ಕುಳಿತು ನೋಡಿ. ಕಣ್ಣು ಯಾವ ಪ್ಯಾನೆಲ್‌ನಿಂದ ಹಿಂದಕ್ಕೆ ಹೋಯಿತು, ಬೆರಳು ಎಲ್ಲಿ ನಿಂತಿತು ಎಂದು ಬರೆದುಕೊಳ್ಳಿ. ಅಲ್ಲಿ ಜೋಡಣೆ ಸರಿಯಿಲ್ಲ. ಮುಗಿದ ಮೇಲೆ ‘ಇದರಿಂದ ಏನು ಕಲಿತೆ?’ ಎಂದು ಕೇಳಬೇಡಿ, ‘ಏನಾಯ್ತು ಹೇಳು’ ಅನ್ನಿ. ಕಾಗೆಗೆ ದೋಸೆ ಕೊಟ್ಟದ್ದು, ದಿಂಬು ಬಿದ್ದದ್ದು, ಅಮ್ಮ ಜೋರಾಗಿ ನಕ್ಕದ್ದು ಮೂರೂ ಅದರ ಬಾಯಲ್ಲಿ ಬಂದರೆ ಮಿಕ್ಕ ಪ್ರತಿಗಳಿಗೆ ಹೇಳಿ. ನಗುವಿನ ಸುದ್ದಿ ಬಾರದಿದ್ದರೆ 13ನೇ ಪುಟದ ನೇಮ್‌ಗೆ ವಾಪಸು ಹೋಗಿ. ಅಮ್ಮನ ಮುಖವನ್ನು ಅಲ್ಲೇ ತೋರಿಸಿಬಿಟ್ಟಿದ್ದೀರೋ, ನಿಮ್ಮಿಯ ಅಳುಕಿಗೆ ಸಾಕಷ್ಟು ಜಾಗ ಕೊಟ್ಟಿಲ್ಲವೋ ನೋಡಿ ತಿದ್ದಿ, ಮತ್ತೊಂದು ಮಗುವಿಗೆ ಕೊಡಿ.